ಜಗಳಕ್ಕೆ ನಿಂತರೆ ನಾನಿರಲ್ಲ ಎಂದ ಲಾಯರ್ ಮೇಡಂ

ಫೀಸು ಕೊಟ್ಟು ಇಟ್ಟುಕೊಂಡ ಲಾಯರ್ ಮೊದಲ ದಿನವೇ "ನೀವು ಕೋರ್ಟಲ್ಲಿ ಜಗಳಕ್ಕೆ ನಿಂತರೆ ನಾನು ಕೇಸು ಬಿಡುತ್ತೇನೆ" ಎಂದರೆ ಹೇಗಿರುತ್ತೆ ಹೇಳಿ? "ಹಾಗಾದರೆ ನೀವಿದ್ದು ಏನು ಪ್ರಯೋಜನ?" ಅಂತ ನಾನು ಕೇಳಿಯೇಬಿಟ್ಟೆ. ಮೇಡಂ ನಕ್ಕು ಒಪ್ಪಂದ ಪತ್ರ ಮುಂದಿಟ್ಟರು. ಅದರಲ್ಲೂ ಅದೇ ಬರೆದಿತ್ತು.

ನನ್ನ ವಿಷಯ ಇಷ್ಟು. ಹೆಂಡತಿಯ ಮೊದಲ ಮದುವೆಯ ಮಗನನ್ನು ನಾನು ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬೇಕಿತ್ತು. ಹುಡುಗನಿಗೆ 9 ವರ್ಷ. ಹೆತ್ತ ತಂದೆಯ ಒಪ್ಪಿಗೆ ಬೇಕು. ಆತ ಕೆಟ್ಟವನೇನಲ್ಲ, ದೂರ ಇದ್ದಾನೆ ಅಷ್ಟೇ. ಮೊದಲು ಹಿಡಿದ ಲಾಯರ್ (ಹೆಸರು ಬೇಡ ಬಿಡಿ) ಖಾರವಾದ ನೋಟಿಸ್ ಕಳಿಸಿ, ಫೋನ್ ಎತ್ತುತ್ತಿದ್ದ ಮನುಷ್ಯ ಫೋನೂ ಎತ್ತದ ಹಾಗೆ ಮಾಡಿದ್ದರು. ಆಮೇಲೆ ಸಿಕ್ಕಿದ್ದು ಈ ಕೊಲಾಬೊರೇಟಿವ್ ಲಾಯರ್, ಅಂದರೆ ಕೋರ್ಟಲ್ಲಿ ಕಿತ್ತಾಡದೆ ಎರಡೂ ಕಡೆಯವರನ್ನು ಕೂರಿಸಿ ಮಾತಲ್ಲೇ ಬಗೆಹರಿಸುವ ಲಾಯರ್. ದತ್ತು ಕೇಸುಗಳನ್ನೇ ಜಾಸ್ತಿ ಮಾಡುತ್ತಾರೆ.

ಈ ಪದ್ಧತಿ ಶುರು ಮಾಡಿದ್ದು ಅಮೆರಿಕದ ಮಿನಿಯಾಪೊಲಿಸ್‌ನ ಸ್ಟುವರ್ಟ್ ವೆಬ್, 1990ರಲ್ಲಿ. ಅವರೂ ಡಿವೋರ್ಸ್ ಲಾಯರ್ರೇ. ಕೋರ್ಟಿನ ಕಿತ್ತಾಟ ಸಾಕಾಗಿ, ಇನ್ನು ಮಾತಾಡಿ ಬಗೆಹರಿಸುವ ಕೇಸು ಮಾತ್ರ ಎಂದು ಕೂತರು. ಎರಡೂ ಕಡೆಗೆ ಲಾಯರ್ ಇರುತ್ತಾರೆ, ಎಲ್ಲರೂ ಒಂದೇ ಮೇಜಿಗೆ. ಮಾತು ಮುರಿದರೆ ಇಬ್ಬರು ಲಾಯರೂ ಹೊರಗೆ. ಅಂದರೆ ಜಗಳ ಬೆಳೆದರೆ ಲಾಯರಿಗೂ ಲಾಭವಿಲ್ಲ ಅಲ್ವಾ? ನನ್ನ ಮಂಡೆಗೆ ಇದು ಹೊಳೆದದ್ದು ಎರಡನೇ ಮೀಟಿಂಗಿನಲ್ಲಿ.

ಒಪ್ಪಂದದ ಕರಡಿನಲ್ಲಿ "ಹೆತ್ತ ತಂದೆಗೆ ವರ್ಷಕ್ಕೆ ಮೂರು ಸಲ ಮಗನನ್ನು ನೋಡಲು ಅವಕಾಶ ಕೊಡಲಾಗುವುದು" ಎಂದಿತ್ತು. ಆತ ಕಾಗದ ಪಕ್ಕಕ್ಕೆ ತಳ್ಳಿದ. "ಅವಕಾಶ ಕೊಡೋಕೆ ಇವನ್ಯಾರು?" ಅಂದ. ನನಗೂ ಪಿತ್ತ ನೆತ್ತಿಗೇರಿತು. ಮೇಡಂ ಏನೂ ಮಾತಾಡಲಿಲ್ಲ. ಪೆನ್ ತೆಗೆದು ಆ ಸಾಲು ಹೊಡೆದು ಹಾಕಿದರು. ಕೆಳಗೆ "ಮಗ ವರ್ಷಕ್ಕೆ ಮೂರು ಸಲ ಅವರ ಜೊತೆ ಇರುತ್ತಾನೆ" ಎಂದು ಬರೆದು, ಹಾಳೆಯನ್ನು ಅವನ ಕಡೆ ತಿರುಗಿಸಿದರು. ಎರಡು ಸಲ ಓದಿದ. ಆಮೇಲೆ ಮೆತ್ತಗೆ, "ಅದರಲ್ಲಿ ಒಂದು ಅವನ ಹುಟ್ಟುಹಬ್ಬ ಆಗಲಿ" ಅಂದ.

ಸುಮ್ನೆ ಸಿಹಿ ಮಾತಾಡುವವರೂ ಅಲ್ಲ ಇವರು. ದತ್ತು ಆದ ಮೇಲೆ ತಂದೆಯಾಗಿ ಆತನಿಗಿದ್ದ ಹಕ್ಕು, ಹೊಣೆ ಎರಡೂ ಮುಗಿಯುತ್ತವೆ, ಇಂಥ ಭೇಟಿಯ ಒಪ್ಪಂದವನ್ನು ಎಲ್ಲ ಕಡೆಯ ಕೋರ್ಟೂ ಎತ್ತಿಹಿಡಿಯುವುದಿಲ್ಲ ಎಂದು ಅವನೆದುರೇ ಬಿಡಿಸಿ ಹೇಳಿದರು. ಹುಡುಗನ ಜೊತೆ ಮಾತಾಡಲು ಮಕ್ಕಳ ಆಪ್ತಸಮಾಲೋಚಕಿಯನ್ನು ಕರೆಸಿದರು. ಅವನು ಕೇಳಿದ್ದು ಒಂದೇ: "ನನ್ನ ಹೆಸರು ಬದಲಾಗುತ್ತಾ?" ದೊಡ್ಡವರು ನಾವ್ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಬೇಜಾರಾದದ್ದೂ ಇದೆ. ನಿಧಾನವೋ ನಿಧಾನ. ಎಲ್ಲರಿಗೂ ಬಿಡುವಿರುವ ದಿನ ಸಿಗದೆ ಒಂದೇ ಮೀಟಿಂಗ್ ಮೂರು ಸಲ ಮುಂದೆ ಹೋಯಿತು. ಐದು ನಿಮಿಷದ ಫೋನಿಗೂ ಬಿಲ್ಲು. ಮಾತು ಮುರಿದಿದ್ದರೆ ಹೊಸ ಲಾಯರಿಗೆ ಮತ್ತೆ ಮೊದಲಿಂದ ಕೊಡಬೇಕಿತ್ತು, ಇದನ್ನು ಮರೆಯಬೇಡಿ. ಹೊಡೆತ, ಬೆದರಿಕೆ ಇರುವ ಮನೆಗಳಿಗೆ ಈ ದಾರಿ ಬೇಡ. ಮೇಡಂ ಕೂಡ ಮೊದಲ ದಿನ ನನ್ನ ಹೆಂಡತಿಯನ್ನು ಒಬ್ಬಳೇ ಕೂರಿಸಿ ಕೇಳಿದ್ದು ಅದನ್ನೇ.

ಜಡ್ಜ್ ಆದೇಶ ಹೇಗಿದ್ದರೂ ಬೇಕು. ತಕರಾರು ಇರಲಿಲ್ಲವಾದ್ದರಿಂದ ಮೇಡಂ ಅವರೇ ಅರ್ಜಿ ಹಾಕಿದರು. ಹೊರಗಿನ ಬೆಂಚಿನಲ್ಲಿ ಕಾದಷ್ಟು ಹೊತ್ತೂ ಒಳಗೆ ಆಗಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಆ ಫೋನ್ ಬಿಲ್ಲಿಗೆ.