ಅಲರ್ ನಿಘಂಟು: ‘ಇಂಚರ’ದ ಅರ್ಥ ಇಲ್ಲಿದೆ, ಮೂಲಕ್ಕೆ ಇನ್ನೊಂದು ಕೋಶ ಬೇಕು

ಹೆಣ್ಣುಮಗುವಿಗೆ ‘ಇಂಚರ’ ಎಂದು ಹೆಸರಿಡುವ ಮುನ್ನ ಅರ್ಥ ನೋಡಬೇಕೆಂದರೆ ಅಂತರ್ಜಾಲದಲ್ಲಿ ಮೊದಲು ತೆರೆಯಬೇಕಾದ್ದು ಅಲರ್. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ದುಡಿದು ಕಟ್ಟಿದ ಈ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತ. ಒಂದೂವರೆ ಲಕ್ಷದಷ್ಟು ಪದಗಳಿವೆ. ಕನ್ನಡ ಕೀಲಿಮಣೆ ಇಲ್ಲದವರು ರೋಮನ್ ಅಕ್ಷರದಲ್ಲಿ ಹೊಡೆದರೂ ಸಾಕು. ಹುಡುಕಾಟ ಉಚ್ಚಾರಣೆಯ ಹೋಲಿಕೆಯ ಮೇಲೆ ನಡೆಯುವುದರಿಂದ ಕಾಗುಣಿತ ತುಸು ತಪ್ಪಿದರೂ ಪದ ಸಿಗುತ್ತದೆ. ಅದೇ ಕಾರಣಕ್ಕೆ ಬೇಡದ ಪದಗಳೂ ಪಟ್ಟಿಗೆ ಬರುತ್ತವೆ, ನೋಡಿ ಆರಿಸಿಕೊಳ್ಳಬೇಕು. ‘ಇಂಚರದಿಂದ’ ಎಂದು ವಿಭಕ್ತಿ ಸೇರಿಸದೆ ಮೂಲರೂಪವನ್ನೇ ಕೊಡಿ.

ಅಲರ್ ಕೊಡುವುದು ಅರ್ಥ ಮತ್ತು ವ್ಯಾಕರಣದ ಗುರುತು. ಪದ ಎಲ್ಲಿಂದ ಬಂತು ಎಂಬುದು ಅದರಲ್ಲಿಲ್ಲ. ಇಷ್ಟು ಒಳ್ಳೆಯ ಕೋಶಕ್ಕೆ ಇದೊಂದೇ ದೊಡ್ಡ ಕೊರತೆ. ಏಕೆಂದರೆ ತಪ್ಪು ಆಗುವುದು ಇಲ್ಲೇ. ಇಂಚರವನ್ನು ‘ಇಂ + ಚರ’ ಎಂದು ಒಡೆದು ‘ಚರ’ ಹುಡುಕಿದರೆ ‘ಚಲಿಸುವುದು’ ಎಂದು ಬರುತ್ತದೆ, ದಾರಿ ತಪ್ಪುತ್ತದೆ. ಸರಿಯಾಗಿ ಬಿಡಿಸಿದರೆ ಇನ್ + ಸರ. ‘ಇನ್’ ಎಂದರೆ ಸವಿ. ಇನಿದು, ಇನಿಯ ಎರಡೂ ಅದರ ಕುಲದವೇ. ‘ಸರ’ ಎನ್ನುವುದು ಸ್ವರದ ತದ್ಭವ. ಎರಡೂ ಸೇರಿದರೆ ಸವಿಯಾದ ಸ್ವರ. ನಕಾರಕ್ಕೆ ನಾಲಿಗೆ ಮೇಲೆ ತಾಗಿರುತ್ತದೆ. ಅಲ್ಲಿಂದ ನೇರ ಸಕಾರಕ್ಕೆ ಹೊರಳುವಾಗ ಆ ತಡೆ ಉಳಿದು ಚಕಾರ ಕೇಳುತ್ತದೆ. ಮುಂಜೆರಗು (ಮುನ್ + ಸೆರಗು), ಹಿಂಜರಿ (ಹಿನ್ + ಸರಿ) ಪದಗಳಲ್ಲಿ ಸಕಾರ ಜಕಾರವಾದದ್ದೂ ಇಂಥದೇ ಆದೇಶ ಸಂಧಿ. ಇದೇ ‘ಇನ್’ನಿಂದ ಆದ ‘ಇಂಪು’ ಇನ್ನೂ ಸರಳ: ಇನ್ + ಪು. ತಣ್ + ಪು ತಂಪಾದ ಹಾಗೆ.

ಈ ಮೂಲ ಬೇಕೆನ್ನುವವರು ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶದ (ಪದಗಳ ಮೂಲ ತಿಳಿಸುವ ಕೋಶ) 1984ರ ಎರಡನೆಯ ಆವೃತ್ತಿಗೆ ಹೋಗಬೇಕು. ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿದೆ. ಅಲ್ಲಿ ಕನ್ನಡ ಲಿಪಿ ಇಲ್ಲ, ಎಲ್ಲವೂ ರೋಮನ್ ಲಿಪ್ಯಂತರ. ಪ್ರತಿ ನಮೂದು ತಮಿಳು ರೂಪ ಇದ್ದರೆ ಅದರಿಂದಲೇ ಶುರುವಾಗುತ್ತದೆ, ಕನ್ನಡದ್ದು ಕೆಳಗೆ. ‘ಸರ’ದಂಥ ಸಂಸ್ಕೃತ ಮೂಲದ ಪದಗಳನ್ನು ಅಲ್ಲಿ ಹುಡುಕಬೇಡಿ, ಅದು ದ್ರಾವಿಡ ಧಾತುಗಳ ಕೋಶ. ಹಳೆಯ ಕಾವ್ಯದ ಪ್ರಯೋಗ ಬೇಕಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಇಲ್ಲವೇ 1894ರ ಕಿಟ್ಟೆಲ್ ಕೋಶದ ಸ್ಕ್ಯಾನ್ ಪ್ರತಿ ತೆರೆಯಿರಿ. ದಿನನಿತ್ಯದ ಬಳಕೆಗೆ ಮಾತ್ರ ಅಲರ್‌ನಷ್ಟು ಚುರುಕಾದದ್ದು ಇನ್ನೊಂದಿಲ್ಲ.