ಸಂಡೇ ಸ್ಕೂಲ್ ಬಾಗಿಲಿಗೆ ಪ್ಲಾನಿಂಗ್ ಸೆಂಟರ್ ಚೆಕ್-ಇನ್ಸ್ ಮತ್ತು ಬ್ರದರ್ ಲೇಬಲ್ ಪ್ರಿಂಟರ್

ಮೇ ತಿಂಗಳಲ್ಲಿ ವಿಬಿಎಸ್ (ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆ) ಮುಗಿದ ಕೂಡಲೇ ಜೂನ್‌ನಿಂದ ಶುರುವಾಗುವ ಸಂಡೇ ಸ್ಕೂಲಿಗೆ ಸಮಿತಿ ಕೂರುತ್ತದೆ. ಪಾಠ, ಶಿಕ್ಷಕರು, ಕೊಠಡಿ ಎಲ್ಲ ಚರ್ಚೆಯಾಗುತ್ತವೆ. ಆರಾಧನೆ ಮುಗಿದ ಗದ್ದಲದಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ಮಾತ್ರ ಬಹಳ ಕಡೆ ಬಾಯಿಮಾತಿನಲ್ಲೇ ಉಳಿದುಬಿಡುತ್ತದೆ. ಅದಕ್ಕೆಂದೇ ಇರುವುದು ಅಮೆರಿಕದ ಪ್ಲಾನಿಂಗ್ ಸೆಂಟರ್ ಕಂಪನಿಯ ಚೆಕ್-ಇನ್ಸ್ ಎಂಬ ತಂತ್ರಾಂಶ. ಬ್ರದರ್ ಕ್ಯೂಎಲ್-820ಎನ್‌ಡಬ್ಲ್ಯೂಬಿ ಪ್ರಿಂಟರ್ ಜೊತೆ ಬಳಸಿದರೆ, ಬೆಳಿಗ್ಗೆ ಎರಡು ಮೂರು ಆರಾಧನೆ ನಡೆಸುವ ಬೆಂಗಳೂರಿನಂಥ ನಗರದ ಕ್ರೈಸ್ತ ಸಭೆಗಳಿಗೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು.

ಕೆಲಸ ಸರಳ. ಪೋಷಕರು ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ ಒತ್ತಿದರೆ ಕುಟುಂಬದ ಮಕ್ಕಳೆಲ್ಲ ತೆರೆಯ ಮೇಲೆ ಬರುತ್ತಾರೆ. ಮಗುವಿಗೊಂದು ಹೆಸರಿನ ಲೇಬಲ್, ಪೋಷಕರಿಗೊಂದು ಚೀಟಿ. ಎರಡರಲ್ಲೂ ಒಂದೇ ಕೋಡ್; ಮಗುವನ್ನು ಒಪ್ಪಿಸುವಾಗ ಎರಡನ್ನೂ ಹೋಲಿಸಿ ನೋಡುವುದಕ್ಕೆ. ಕಡಲೆಬೀಜದ ಅಲರ್ಜಿ, ಆಸ್ತಮಾದಂಥ ವಿವರ ತುಂಬಿದ್ದರೆ ಅದೂ ಲೇಬಲ್ ಮೇಲೆ ಬರುವಂತೆ ಮಾಡಬಹುದು. ಹೆಸರಿನಿಂದ ಹುಡುಕುವುದಕ್ಕಿಂತ ಫೋನ್ ನಂಬರೇ ಮೇಲು. ಎಸ್ತೇರ್, ಸಮುವೇಲ ಇಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮನೆಗೊಂದು ರೀತಿ ಬರೆಯುತ್ತಾರೆ. ಸ್ವಯಂಸೇವಕರು ಹೆಸರು ಹುಡುಕಿ ಸಿಗದೆ ಹೊಸದಾಗಿ ಸೇರಿಸುತ್ತಾರೆ, ಒಂದೇ ಮಗುವಿಗೆ ಎರಡು ದಾಖಲೆಯಾಗುತ್ತದೆ, ಅಲರ್ಜಿಯ ಟಿಪ್ಪಣಿ ಹಳೆಯದರಲ್ಲೇ ಉಳಿಯುತ್ತದೆ. ಇದು ಸಣ್ಣ ತಪ್ಪಲ್ಲ. ಸೀಸನ್‌ಗೆ ಮೊದಲು ಇಂಥ ಜೋಡಿ ದಾಖಲೆಗಳನ್ನು ಹುಡುಕಿ ಒಂದುಗೂಡಿಸಲೇಬೇಕು.

ಹೊಸ ಶಾಲಾ ವರ್ಷಕ್ಕೆ ಹೆಚ್ಚು ತೊಂದರೆ ಕೊಡುವುದು ತರಗತಿ. ಕೊಠಡಿಗೆ ವಯಸ್ಸು ಅಥವಾ ತರಗತಿಯ ಮಿತಿ ಹಾಕಿದರೆ ಮಗುವಿಗೆ ಸರಿಹೊಂದುವ ಕೊಠಡಿ ಮಾತ್ರ ಕಾಣುತ್ತದೆ. ಮಕ್ಕಳನ್ನು ಮುಂದಿನ ತರಗತಿಗೆ ಏರಿಸುವ ದಿನಾಂಕವನ್ನು ಸೆಟ್ಟಿಂಗ್ಸ್‌ನಲ್ಲಿ ನಮ್ಮ ಶಾಲಾ ವರ್ಷಕ್ಕೆ ಹೊಂದಿಸಿಕೊಳ್ಳಿ. ಅದು ತಪ್ಪಿದರೆ ಜೂನ್‌ನ ಮೊದಲ ಭಾನುವಾರ ಮೂರನೇ ತರಗತಿಗೆ ಹೋದ ಮಗುವಿಗೆ ಎರಡನೇ ತರಗತಿಯ ಕೊಠಡಿಯ ಲೇಬಲ್ ಬರುತ್ತದೆ. ಹುಟ್ಟಿದ ದಿನಾಂಕವೂ ತರಗತಿಯೂ ಖಾಲಿ ಇರುವ ಮಗು ಇಂಥ ಕೊಠಡಿಗಳಿಗೆ ಹೊಂದಿಕೆಯಾಗುವುದಿಲ್ಲ. ಸಾಲಿನಲ್ಲಿ ಹತ್ತು ಜನ ನಿಂತಾಗ ಅಪ್ಪ ಅಮ್ಮನಿಗೂ ಗಾಬರಿ, ಮೇಜಿನಲ್ಲಿ ಕೂತವರಿಗೂ ಗಾಬರಿ. ವಿಬಿಎಸ್ ನೋಂದಣಿ ಫಾರಂನಲ್ಲೇ ಈ ಎರಡನ್ನೂ ಕಡ್ಡಾಯ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಪ್ರಿಂಟರ್ ವಿಷಯಕ್ಕೆ ಬಂದರೆ, ವೈಫೈ, ಬ್ಲೂಟೂತ್, ಈಥರ್ನೆಟ್ ಮೂರೂ ಇವೆ. ನಮ್ಮ ಸಲಹೆ ಈಥರ್ನೆಟ್, ಅಂದರೆ ತಂತಿಯ ಜೋಡಣೆ. ಆರಾಧನೆಗೆ ಮುನ್ನೂರು ಫೋನ್‌ಗಳು ಒಳಗೆ ಬಂದಾಗ ಚರ್ಚಿನ ವೈಫೈ ಕುಂಟುತ್ತದೆ, ಲೇಬಲ್ ಅರ್ಧ ನಿಮಿಷ ತಡವಾದರೆ ಪೋಷಕರು ಮತ್ತೆ ಒತ್ತುತ್ತಾರೆ, ಆಮೇಲೆ ಎರಡೆರಡು ಬರುತ್ತವೆ. ರೂಟರ್‌ನಲ್ಲಿ ಪ್ರಿಂಟರಿಗೆ ಕಾಯಂ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡಿ. ಆಟೋ ಪವರ್ ಆಫ್ ನಿಲ್ಲಿಸಿ, ಇಲ್ಲವಾದರೆ ಎರಡು ಆರಾಧನೆಗಳ ನಡುವೆ ಅದು ತಾನಾಗಿ ಆರಿಹೋಗಬಹುದು. ಯುಪಿಎಸ್‌ಗೆ ಪ್ರಿಂಟರಿನ ಜೊತೆ ರೂಟರನ್ನೂ ಸೇರಿಸಿ. ಕರೆಂಟು ಹೋದಾಗ ರೂಟರ್ ಆರಿದರೆ ಪ್ರಿಂಟರ್ ಚಾಲೂ ಇದ್ದೂ ಪ್ರಯೋಜನವಿಲ್ಲ.

29×90 ಮಿ.ಮೀ. ಲೇಬಲ್ ಸಾಕು. ಒಂದು ರೋಲ್‌ನಲ್ಲಿ 400 ಬರುತ್ತವೆ. 50 ಕುಟುಂಬಗಳ 80 ಮಕ್ಕಳೆಂದರೆ ವಾರಕ್ಕೆ 130 ಲೇಬಲ್. ರೋಲ್ ಮೂರು ಭಾನುವಾರಕ್ಕೆ ಮುಗಿಯುತ್ತದೆ. ಜೂನ್‌ನಿಂದ ಮಾರ್ಚ್‌ವರೆಗಿನ ಸುಮಾರು 40 ಭಾನುವಾರಕ್ಕೆ 13 ರೋಲ್, ಕೈಮೀಸಲಿಗೆ ಇನ್ನೆರಡು. ಶಿಕ್ಷಕರಿಗೆ ಲೇಬಲ್ ಖರ್ಚು ಮಾಡುವ ಬದಲು ಕೊರಳಪಟ್ಟಿಯ ಗುರುತುಚೀಟಿ ಕೊಡಿ. ತಂತ್ರಾಂಶದಲ್ಲಿ ಆರಿಸಿದ ಅಳತೆಗೂ ಒಳಗಿರುವ ರೋಲಿಗೂ ಹೊಂದದಿದ್ದರೆ ಪ್ರಿಂಟರ್ ತಪ್ಪು ತೋರಿಸಿ ನಿಲ್ಲುತ್ತದೆ; ಕೆಟ್ಟಿತೆಂದು ಅಂಗಡಿಗೆ ಹೊರುವ ಮೊದಲು ಇದನ್ನು ನೋಡಿ. ಇದು ಶಾಯಿಯಿಲ್ಲದೆ ಬಿಸಿಯಿಂದ ಅಕ್ಷರ ಮೂಡುವ ಥರ್ಮಲ್ ಕಾಗದ. ಬಿಸಿಲಿಗೆ ನಿಂತ ಕಾರಿನಲ್ಲಿಟ್ಟ ರೋಲ್ ಹಾಳಾಗಬಹುದು, ಸ್ಯಾನಿಟೈಸರ್ ತಾಗಿದರೆ ಅಕ್ಷರ ಹಾಳಾಗುತ್ತದೆ. ಹಬ್ಬದ ಭಾನುವಾರ ರೇಷ್ಮೆ ಲಂಗ ತೊಟ್ಟು ಬರುವ ಹುಡುಗಿಯರಿಗೆ ಬಟ್ಟೆಯ ಮೇಲೆ ಅಂಟಿಸಬೇಡಿ, ಅಂಟು ಉಳಿಯಬಹುದು. ಕಾಗದದ ಕೈಪಟ್ಟಿಗೆ ಅಂಟಿಸಿ.

ಚೀಟಿ ಕಳೆದುಕೊಂಡವರಿಗೆ ಏನು ಮಾಡಬೇಕೆಂಬ ನಿಯಮವನ್ನು ತಂತ್ರಾಂಶ ಬರೆದುಕೊಡುವುದಿಲ್ಲ. ಫೋಟೋ ಗುರುತುಪತ್ರ ನೋಡಿ, ದಾಖಲೆಯಲ್ಲಿರುವ ನಂಬರಿಗೆ ಕರೆ ಮಾಡಿ, ರಿಜಿಸ್ಟರಿನಲ್ಲಿ ಸಹಿ ಪಡೆದೇ ಮಗುವನ್ನು ಬಿಡಬೇಕು. ಪರಿಚಯದ ಅಜ್ಜಿಯೇ ಬಂದರೂ ಇದೇ ನಿಯಮ. ಮಕ್ಕಳ ಸಂಖ್ಯೆಗೆ ತಕ್ಕಷ್ಟು ಸ್ವಯಂಸೇವಕರಿರಬೇಕೆಂಬ ಮಿತಿಯನ್ನು ಕೊಠಡಿಗೆ ಹಾಕಬಹುದು, ಆದರೆ ಪ್ರತಿ ಕೊಠಡಿಯಲ್ಲಿ ಇಬ್ಬರು ದೊಡ್ಡವರಿರುವುದು, ಬಾಗಿಲಿಗೆ ಗಾಜಿನ ಕಿಂಡಿಯಿರುವುದು, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ದೂರು ಕೊಡಲೇಬೇಕೆಂಬುದು ಪ್ರತಿ ಶಿಕ್ಷಕರಿಗೂ ಗೊತ್ತಿರುವುದು ಸಭೆಯ ಹೊಣೆ.

ದರ ದಿನದ ಚೆಕ್-ಇನ್ ಸಂಖ್ಯೆಯ ಮೇಲೆ, ಡಾಲರ್‌ನಲ್ಲಿ. ನಲವತ್ತು ಮಕ್ಕಳಿರುವ ಸಭೆ ಇದಕ್ಕೆ ಹಣ ಹಾಕುವ ಅಗತ್ಯ ನಮಗೆ ಕಾಣುವುದಿಲ್ಲ. ಒಂದೇ ನಂಬರಿನ ಜೋಡಿ ಟೋಕನ್, ಒಂದು ಗಟ್ಟಿ ರಟ್ಟಿನ ರಿಜಿಸ್ಟರ್ ಸಾಕು. ಟೋಕನ್‌ಗಳನ್ನು ಮಾತ್ರ ಪ್ರತಿ ವಾರ ಕಲಸಿ ಹಂಚಿ. ಒಂದೇ ಮಗುವಿಗೆ ಒಂದೇ ನಂಬರು ಕಾಯಂ ಆದರೆ ಬೇರೆಯವರು ಅದನ್ನು ಬಾಯಲ್ಲಿ ಹೇಳಿಯೇ ಮಗುವನ್ನು ಕೇಳಬಹುದು.