ಜೀಪಿಗೆ ಎರಡನೇ ಬ್ಯಾಟರಿ: ಸ್ವಿಚ್ಚಾ, ರಿಲೇನಾ, ಡಿಸಿ-ಡಿಸಿನಾ, ಸೋಲಾರಾ?

ಬಿಸ್ಲೆ ಕಡೆಯ ನೆಂಟರ ತೋಟದಲ್ಲಿ ರಾತ್ರಿ ಗಾಡಿ ನಿಲ್ಲಿಸಿದ್ದೆ. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಹಿಂದೆ ಇಟ್ಟಿದ್ದ 40 ಲೀಟರ್ ಫ್ರಿಜ್ ರಾತ್ರಿಯಿಡೀ ಓಡಿ ಇದ್ದೊಂದು ಬ್ಯಾಟರಿಯನ್ನು ಖಾಲಿ ಮಾಡಿತ್ತು. ಫ್ರಿಜ್‌ನಲ್ಲಿ ಬ್ಯಾಟರಿ ಕಾಯುವ ಸೆಟ್ಟಿಂಗ್ ಇರುತ್ತೆ. ಅದನ್ನು, ಬ್ಯಾಟರಿ ತೀರಾ ಇಳಿಯುವ ತನಕ ಫ್ರಿಜ್ ನಿಲ್ಲದ ‘ಲೋ’ದಲ್ಲಿ ಬಿಟ್ಟಿದ್ದು ನನ್ನದೇ ತಪ್ಪು. ತೋಟದ ಪಿಕಪ್ ತಂದು, ಕೇಬಲ್ ಹುಡುಕಿ ಜಂಪ್ ಕೊಡುವಷ್ಟರಲ್ಲಿ ಕಾಲಿಗೆ ನಾಲ್ಕು ಇಂಬಳ ಹತ್ತಿದ್ದವು.

ಫ್ರಿಜ್ ಯಾಕೆ ಅಂತೀರಾ? ಅಮ್ಮನ ಇನ್ಸುಲಿನ್‌ಗೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಅನ್ನೋದು ನಿಜ. ಮಲ್ಪೆಯಿಂದ ಹಾಸನಕ್ಕೆ ಬಂಗುಡೆ ತರೋದು ಅದಕ್ಕಿಂತ ನಿಜ.

ಫ್ರಿಜ್ಜಿಗೇ ಅಂತ ಹಿಂದೆ ಎರಡನೇ ಬ್ಯಾಟರಿ ಇಟ್ಟು, ಅದನ್ನು ತುಂಬಿಸೋಕೆ ಅವತ್ತಿನಿಂದ ಎರಡು ವರ್ಷ ನನ್ನ 2013ರ ಥಾರ್‌ನಲ್ಲಿ ಒಂದಾದ ಮೇಲೊಂದು ಪ್ರಯೋಗ ಮಾಡಿದೆ. ಭಾವನ ಹೊಸ ಬಿಎಸ್‌6 ಗಾಡಿಯನ್ನೂ ಬಿಡಲಿಲ್ಲ. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 4 ಆಂಪಿಯರ್ ಎಳೆಯುತ್ತೆ. ನಮ್ಮ ಹವೆಗೆ ಹೆಚ್ಚುಕಮ್ಮಿ ದಿನದ ಶೇ. 40ರಷ್ಟು ಹೊತ್ತು ಓಡುತ್ತೆ. ಅಂದರೆ ದಿನಕ್ಕೆ ಸುಮಾರು 40 ಆಂಪಿಯರ್ ಅವರ್ (ಎಎಚ್). ಈ 40 ಅನ್ನು ಎಲ್ಲಿಂದ ತುಂಬಿಸೋದು ಅನ್ನೋದೇ ಇಡೀ ಜಗಳ.

ಮೊದಲು ಹಾಕಿದ್ದು ಕೆಂಪು ಕೀ ಇರುವ ಕಟ್‌ಆಫ್ ಸ್ವಿಚ್. ಕೆಲವು ನೂರು ರೂಪಾಯಿ ಅಷ್ಟೇ. ಎರಡು ಬ್ಯಾಟರಿಗಳ ನಡುವೆ ಅದೊಂದು ಬಾಗಿಲು ಇದ್ದ ಹಾಗೆ. ಓಡುವಾಗ ಆನ್, ನಿಂತಾಗ ಆಫ್. ಕೆಡೋಕೆ ಏನೂ ಇಲ್ಲ, ನೆನಪು ಒಂದು ಬಿಟ್ಟು. ಮೂರು ತಿಂಗಳಲ್ಲಿ ಎರಡು ಸಲ ಮರೆತೆ. ಮೊದಲ ಸಲ ಆನ್ ಮಾಡೋದು ಮರೆತು ಹಿಂದಿನ ಬ್ಯಾಟರಿ ತುಂಬಲೇ ಇಲ್ಲ. ಎರಡನೇ ಸಲ ಆಫ್ ಮಾಡೋದು ಮರೆತೆ. ಬೆಳಿಗ್ಗೆ ಒಂದರ ಬದಲು ಎರಡು ಬ್ಯಾಟರಿ ಡೌನ್!

ಆಮೇಲೆ ವೋಲ್ಟೇಜ್ ನೋಡಿಕೊಂಡು ತಾನೇ ಕೂಡಿಸಿ ಬಿಡಿಸುವ ರಿಲೇ. ಇಂಜಿನ್ ಶುರುವಾಗಿ ವೋಲ್ಟೇಜ್ 13.3 ದಾಟಿದರೆ ಎರಡೂ ಬ್ಯಾಟರಿ ಸೇರುತ್ತವೆ, 12.8ಕ್ಕೆ ಇಳಿದರೆ ಬೇರೆಯಾಗುತ್ತವೆ. ಜತೆಗೆ 75 ಎಎಚ್‌ನ ಎಜಿಎಂ, ಅಂದರೆ ಆಸಿಡ್ ಚೆಲ್ಲದ ಸೀಲ್ ಮಾಡಿದ ಲೆಡ್ ಬ್ಯಾಟರಿ ಹಾಕಿದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಸುಮ್ನೆ ಬಿದ್ದಿತ್ತು, ಅದನ್ನೇ ಇಡೋಣ ಅನ್ನಿಸಿತ್ತು. ಇಡಬೇಡಿ. ಅದು ಮಣಭಾರ, ಗುಂಡಿಗೆ ಬಿದ್ದರೆ ಆಸಿಡ್ ಚೆಲ್ಲುತ್ತೆ, ಚಾರ್ಜ್ ಆಗುವಾಗಿನ ಗ್ಯಾಸ್ ನಾವು ಕೂರುವ ಜಾಗದಲ್ಲೇ ತುಂಬಿಕೊಳ್ಳುತ್ತೆ.

ರಿಲೇ ಚೆನ್ನಾಗಿತ್ತು, ಎಡವಿದ್ದು ವೈರಿನಲ್ಲಿ. ಕೆಲಸ ಮಾಡಿದ ಎಲೆಕ್ಟ್ರಿಷಿಯನ್ 6 ಸ್ಕ್ವೇರ್ ಎಂಎಂ ವೈರ್ ಎಳೆದರು. ‘ಇದು ಸಣ್ಣ ಆಗಲ್ವಾ?’ ಅಂದೆ. ‘ಸಾರ್, ಲಾರಿಗೆಲ್ಲ ಇದೇ ಹಾಕೋದು’ ಅಂದರು. ಲಾರಿ 24 ವೋಲ್ಟು, ಅದೇ ಕೆಲಸಕ್ಕೆ ಅರ್ಧ ಕರೆಂಟ್ ಸಾಕು ಅನ್ನೋದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಮನೆಗೆ ಬಂದು ಮೀಟರ್ ಹಿಡಿದೆ. ಮುಂದಿನ ಬ್ಯಾಟರಿಯಲ್ಲಿ 14.2, ಹಿಂದಿನದರಲ್ಲಿ 13.6. ಹೋಗಿ ಬರುವ 10 ಮೀಟರ್ ವೈರಿನಲ್ಲಿ 20 ಆಂಪಿಯರ್ ಹರಿದರೆ 0.6 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತೆ. 13.6 ವೋಲ್ಟಿಗೆ ಎಜಿಎಂ ಹೊಟ್ಟೆ ತುಂಬ ಉಣ್ಣೋದಿಲ್ಲ. 25 ಸ್ಕ್ವೇರ್ ಎಂಎಂ ಕೇಬಲ್ ಎಳೆಸಿ, ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್ ಹಾಕಿಸಿದ ಮೇಲೆ ಹಿಂದೆಯೂ 14ರ ಹತ್ತಿರ ಬಂತು. ಫ್ಯೂಸ್ ಎರಡೂ ತುದಿಗೆ ಬೇಕು. ನಡುವೆ ಎಲ್ಲಾದರೂ ಕೇಬಲ್ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಗೆ ಎರಡು ಕಡೆಯಿಂದಲೂ ಸೌದೆ ಸಿಗುತ್ತೆ.

ಇಷ್ಟಾದರೂ ಲೆಡ್ ಬ್ಯಾಟರಿಯ ಒಂದು ಬುದ್ಧಿ ಬದಲಾಗಲ್ಲ. ಶೇ. 80ರ ತನಕ ಗಬಗಬ ತಿನ್ನುತ್ತೆ, ಕೊನೆಯ 20ಕ್ಕೆ ಗಂಟೆಗಟ್ಟಲೆ ತಗೊಳ್ಳುತ್ತೆ. ಹಾಸನದಿಂದ ಸಕಲೇಶಪುರಕ್ಕೆ ಒಂದು ಗಂಟೆಯ ದಾರಿ, ಅಷ್ಟಕ್ಕೆ ಅದು ತುಂಬೋದಿಲ್ಲ. ಬಾಳಿಕೆ ಬರಬೇಕು ಅಂದರೆ ಅರ್ಧಕ್ಕಿಂತ ಕೆಳಗೆ ಇಳಿಸಲೂಬಾರದು. ಹಾಗಾಗಿ 75ರಲ್ಲಿ ನನ್ನ ಕೈಗೆ ಸಿಗುತ್ತಿದ್ದುದು 30 ಚಿಲ್ಲರೆ.

ಅದೇ ರಿಲೇಯನ್ನು ಭಾವನ ಗಾಡಿಗೆ ಹಾಕಿದೆವು. ಸಕಲೇಶಪುರದಿಂದ ಬೆಂಗಳೂರಿಗೆ 220 ಕಿಲೋಮೀಟರ್ ಓಡಿಸಿಕೊಂಡು ಹೋದ ಭಾವ ರಾತ್ರಿ ಫೋನ್ ಮಾಡಿದರು. ‘ಏನೋ ಇದು, ಹೊರಡುವಾಗ ಎಷ್ಟಿತ್ತೋ ಅಷ್ಟೇ ಇದೆಯಲ್ಲೋ!’ ಹೊಸ ಗಾಡಿಗಳು ಡೀಸೆಲ್ ಉಳಿಸೋಕೆ ಅಂತ ಬ್ಯಾಟರಿ ತುಂಬಿಸುವ ಅಲ್ಟರ್ನೇಟರ್ ಅನ್ನು ಬೇಕಾದಾಗ ಮಾತ್ರ ದುಡಿಸುತ್ತವೆ. ಹೈವೇಯಲ್ಲಿ ವೋಲ್ಟೇಜ್ 12.6ಕ್ಕೆ ಇಳಿಯುತ್ತಿತ್ತು, ರಿಲೇ ಟಿಕ್ ಅಂತ ಬಿಡಿಸಿಕೊಳ್ಳುತ್ತಿತ್ತು. ಬ್ರೇಕ್ ಒತ್ತಿದಾಗ ಒಂದಿಷ್ಟು ಹೊತ್ತು ಸೇರುತ್ತಿತ್ತು. ಹಳೇ ಗಾಡಿಗೆ ರಿಲೇ ಸಾಕು, ಇಂಥ ಗಾಡಿಗೆ ದುಡ್ಡು ದಂಡ.

ಆಮೇಲೆ ಲಿಥಿಯಂ ಆಸೆ ಹತ್ತಿತು. 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ ಆಸುಪಾಸು. ಅದರಲ್ಲಿ 80–90 ಎಎಚ್ ಧೈರ್ಯವಾಗಿ ಬಳಸಬಹುದು. ಹಳೇ ರಿಲೇಗೇ ಸಿಕ್ಕಿಸಿದೆ, ಒಂದೇ ಒಂದು ದಿನ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 60 ಆಂಪಿಯರ್ ದಾಟಿತು! ಲಿಥಿಯಂಗೆ ಸಂಕೋಚವೇ ಇಲ್ಲ, ಕೊಟ್ಟಷ್ಟೂ ಎಳೆಯುತ್ತೆ. ಐಡ್ಲಿಂಗ್‌ನಲ್ಲಿ ಅಲ್ಟರ್ನೇಟರಿನ ಫ್ಯಾನ್ ನಿಧಾನ, ಕೆಲಸ ಮಾತ್ರ ಜಾಸ್ತಿ. ಬಾನೆಟ್ ಎತ್ತಿದರೆ ವಾರ್ನಿಷ್ ಕಾದ ವಾಸನೆ. ಅವತ್ತೇ ಬಿಚ್ಚಿದೆ.

ಅಲ್ಲಿಂದ ಬಂದಿದ್ದು 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್. ಇಷ್ಟೆಲ್ಲ ಸಾಮಾನಿನಲ್ಲಿ ಲಿಥಿಯಂ ಬಿಟ್ಟರೆ ಜೇಬಿಗೆ ಭಾರವಾಗಿದ್ದು ಇದೇ. ಒಳಗೆ ಬರೋದು 12.6 ಇರಲಿ, 14.2 ಇರಲಿ, ಆಚೆಗೆ ಬ್ಯಾಟರಿ ಕೇಳುವ ವೋಲ್ಟೇಜನ್ನೇ ಕೊಡುತ್ತೆ, 20ಕ್ಕಿಂತ ಹೆಚ್ಚು ಬಿಡೋದಿಲ್ಲ. ಭಾವನ ಗಾಡಿಯಲ್ಲಿ ಇಗ್ನಿಷನ್‌ನಿಂದ ಒಂದು ವೈರ್ ಕೊಟ್ಟೆವು. ಕೀ ಆನ್ ಇದ್ದರೆ ಚಾರ್ಜಿಂಗ್, ಇಲ್ಲದಿದ್ದರೆ ಇಲ್ಲ. ಸೀಟಿನ ಕೆಳಗೆ ತುರುಕಿದ್ದೆ, ಮುಟ್ಟಿದರೆ ಚುರ್ ಅನ್ನುತ್ತಿತ್ತು. ಗಾಳಿ ಆಡುವ ಕಡೆ ಬದಲಾಯಿಸಿದ ಮೇಲೆ ಸರಿಹೋಯಿತು. ಲಿಥಿಯಂ ಅನ್ನು ಮಾತ್ರ ಬಾನೆಟ್ ಒಳಗೆ ಇಡಬೇಡಿ, ಆ ಬಿಸಿ ಅದಕ್ಕೆ ಆಗಲ್ಲ. ಲಡಾಖ್ ಕಡೆ ಹೋಗುವವರು ಇನ್ನೊಂದು ನೆನಪಿಡಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ.

ಈಗ ಸೋಲಾರ್. ಇದರ ಮೇಲೆ ನನಗೆ ಇದ್ದ ಮೋಹ ಹೇಳತೀರದು. 100 ವ್ಯಾಟಿನ ಗಾಜಿನ ಪ್ಯಾನೆಲ್ ತಂದು ಕ್ಯಾರಿಯರ್ ಮೇಲೆ ಬಿಗಿದೆ. ನಮ್ಮ ಕಡೆ ಸೂರ್ಯ ಬೇಸಿಗೆಯಲ್ಲಿ ನೆತ್ತಿಯ ಮೇಲೇ ಬರುತ್ತಾನೆ, ಮಲಗಿಸಿ ಕೂರಿಸಿದರೂ ನಷ್ಟ ಕಮ್ಮಿ. ಏಪ್ರಿಲ್‌ನಲ್ಲಿ ಹಿರಿಯೂರಿನ ಬಯಲಿನಲ್ಲಿ ನಿಲ್ಲಿಸಿ ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಎರಡು ಥರದ ಕಂಟ್ರೋಲರ್ ಹೋಲಿಸಿದೆ. ನಡುಮಧ್ಯಾಹ್ನ ಅಗ್ಗದ ಪಿಡಬ್ಲ್ಯುಎಂ 5.3 ಆಂಪಿಯರ್ ಕೊಟ್ಟರೆ ದುಬಾರಿ ಎಂಪಿಪಿಟಿ 5.8. ಅಷ್ಟೇನಾ ಅನ್ನಿಸಿತು. ಕಾರಣ ಬಿಸಿಲೇ. ಪಿಡಬ್ಲ್ಯುಎಂ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೇ ಇಳಿಸುತ್ತೆ, ಎಂಪಿಪಿಟಿ ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಾಯಿಸುತ್ತೆ. ಅದರ ಲಾಭ ಇರೋದು ಪ್ಯಾನೆಲಿನ 18 ವೋಲ್ಟಿಗೂ ಬ್ಯಾಟರಿಯ 13 ವೋಲ್ಟಿಗೂ ಇರುವ ಅಂತರದಲ್ಲಿ. ಪ್ಯಾನೆಲ್ 60 ಡಿಗ್ರಿ ಕಾದರೆ ಆ 18 ಇಳಿದು 16ರ ಕೆಳಗೆ ಬರುತ್ತೆ. ಬೆಳಗಿನ ತಂಪಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಒಂದೇ ಪ್ಯಾನೆಲ್ಲಿಗೆ ನಾನಂತೂ ಪಿಡಬ್ಲ್ಯುಎಂನಲ್ಲೇ ಉಳಿಯುತ್ತಿದ್ದೆ. ಯಾವುದಾದರೂ ಸರಿ, ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಸಿಕ್ಕಿಸಿ.

ಬಯಲುಸೀಮೆಯಲ್ಲಿ ದಿನಕ್ಕೆ 25–30 ಎಎಚ್ ಬಂತು. ಅದೇ ಪ್ಯಾನೆಲ್ ಜುಲೈನಲ್ಲಿ ತೋಟದ ಸಿಲ್ವರ್ ಓಕ್ ಕೆಳಗೆ ಅರ್ಧ ಆಂಪಿಯರ್. ಮೋಡ ಅಂದುಕೊಂಡೆ. ಒಂದು ದಿನ ಬಿಸಿಲು ಬಿದ್ದಾಗ ಅಂಗಳಕ್ಕೆ ತಂದು, 5 ಆಂಪಿಯರ್ ಬರುತ್ತಿದ್ದ ಪ್ಯಾನೆಲಿನ ಮೂಲೆಗೆ ಅಡಕೆ ಹಾಳೆ ತುಂಡೊಂದನ್ನು ಇಟ್ಟೆ. ಮುಚ್ಚಿದ್ದು ನಾಲ್ಕೇ ನಾಲ್ಕು ಸೆಲ್. ಮೀಟರ್ ಅರ್ಧಕ್ಕಿಂತ ಕೆಳಗೆ ಬಿತ್ತು. 5ರ ಅರ್ಧ ಅಲ್ಲ, ಒಂದು ಆಂಪಿಯರಿನ ಅರ್ಧ! ಸೆಲ್‌ಗಳೆಲ್ಲ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಥರ ಒಂದರ ಬಾಲಕ್ಕೆ ಇನ್ನೊಂದು. ನಾಲ್ಕು ಮುಚ್ಚಿದರೆ ಅವು ಇರುವ ಅರ್ಧವೇ ಕೈಕೊಡುತ್ತೆ, ಉಳಿದರ್ಧದ 9 ವೋಲ್ಟ್ 12ರ ಬ್ಯಾಟರಿಗೆ ಏನು ತುಂಬೀತು? ಹೀಗಾಗಿ ಕ್ಯಾರಿಯರಿನ ಜೆರಿಕ್ಯಾನ್ ನೆರಳು ಕೂಡ ಸಾಕು ಕೆಡಿಸೋಕೆ.

ಮಡಚುವ 120 ವ್ಯಾಟಿನ ಪ್ಯಾನೆಲ್ ಅದಕ್ಕಿಂತ ವಾಸಿ. 5 ಮೀಟರ್ ವೈರ್ ಇದ್ದರೆ ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಫ್ರಿಜ್ ಕೂಡ ಕಮ್ಮಿ ಓಡುತ್ತೆ. ಆದರೆ ಹರಡಬೇಕು, ತಿರುಗಿಸಬೇಕು, ದನ ಬಂದರೆ ಓಡಿಸಬೇಕು. ಮಾರಿಕಣಿವೆ ಹತ್ತಿರ ಒಂದೇ ಗಾಳಿಗೆ ಮಗುಚಿ ಕಲ್ಲಿಗೆ ಮುಖ ಉಜ್ಜಿಕೊಂಡಿತು. ಗುಡ್ಡದ ಸಾಲುಗಳಲ್ಲಿ ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆಯಲ್ಲಿ ಗಾಳಿ ಬೀಸುತ್ತೆ ಅಂತ ಮೊದಲೇ ತಲೆಗೆ ಹೋಗಬೇಕಿತ್ತು, ಅಲ್ವಾ?

ಕೊನೆಗೆ ನನ್ನ ಕಣ್ಣು ತೆರೆಸಿದ್ದು ಒಂದು ಸಣ್ಣ ಲೆಕ್ಕ. ಡಿಸಿ-ಡಿಸಿ ಇದ್ದರೆ ಒಂದೂವರೆ ಗಂಟೆ ಗಾಡಿ ಓಡಿಸಿದರೆ 30 ಎಎಚ್. ಪ್ಯಾನೆಲ್ಲಿಗೆ ಅದು ಇಡೀ ದಿನದ ಒಳ್ಳೆ ಬಿಸಿಲು. ದಿನಾ ಊರಿಂದೂರಿಗೆ ಓಡುವವರಿಗೆ ಸೋಲಾರ್ ಬೇಕಾಗಿಲ್ಲ. ಎರಡು-ಮೂರು ದಿನ ಒಂದೇ ಕಡೆ ಬಯಲಿನಲ್ಲಿ ನಿಲ್ಲುವವರಿಗೆ ಮಡಚುವ ಪ್ಯಾನೆಲ್ ಬೇಕು. ಹಳೇ ಗಾಡಿ, ಕಮ್ಮಿ ದುಡ್ಡು ಅಂದರೆ ರಿಲೇ, ಎಜಿಎಂ, ದಪ್ಪ ಕೇಬಲ್. ಮೂರರಲ್ಲಿ ಏನಾದರೂ ಬಿಡಲೇಬೇಕು ಅಂದರೆ ಕೇಬಲನ್ನು ಬಿಡಬೇಡಿ, ಎರಡನೇ ಬ್ಯಾಟರಿಯನ್ನೇ ಮುಂದಿನ ತಿಂಗಳಿಗೆ ಹಾಕಿ.

ಈಗ ನನ್ನ ಥಾರ್‌ನಲ್ಲಿ ಡಿಸಿ-ಡಿಸಿ, ಲಿಥಿಯಂ, ಮುಖ ಗೀರಿದ ಮಡಚುವ ಪ್ಯಾನೆಲ್ ಇವೆ. ಎಜಿಎಂ ಮತ್ತು ಕ್ಯಾರಿಯರ್ ಮೇಲಿದ್ದ ಗಾಜಿನ ಪ್ಯಾನೆಲ್ ಅಮ್ಮನ ಕೊಟ್ಟಿಗೆಗೆ ಹೋದವು. ಕರೆಂಟ್ ಹೋದ ರಾತ್ರಿ ಅಲ್ಲಿ ಎರಡು ಎಲ್‌ಇಡಿ ಉರಿಯುತ್ತವೆ. ಆ ಪ್ಯಾನೆಲ್ ಜೀಪಿನ ಮೇಲೆ ಇದ್ದಾಗಿನಕ್ಕಿಂತ ಅಲ್ಲೇ ಜಾಸ್ತಿ ಕೆಲಸ ಮಾಡುತ್ತಿದೆ.